ಪ್ಯಾಡಿನ ನಡುವಿನ ಗುರುತು

ಹಾಕಿ ಆಟದ ಸಮಯ ಮುಗಿದಿತ್ತು. ಆದರೆ ಎದುರಾಳಿಗಳು ಕೊನೆಯ ಕ್ಷಣದಲ್ಲಿ ಪೆನಾಲ್ಟಿ ಕಾರ್ನರ್ ಕೇಳಿದ್ದರಿಂದ ಅಂಪೈರ್ ವಿಡಿಯೊ ತೀರ್ಪಿಗೆ ಕಾಯುತ್ತಿದ್ದರು. ನಾವು ಒಂದು ಗೋಲು ಮುಂದಿದ್ದೆವು. ಅದೊಂದನ್ನು ತಡೆದರೆ ನನ್ನ ತಂಡದ ಹುಡುಗಿಯರು ಮೇಲಿನ ಲೀಗ್‌ನಲ್ಲಿ ಉಳಿಯುತ್ತಾರೆ, ಇಲ್ಲವಾದರೆ ಕೆಳಗಿಳಿಯುತ್ತಾರೆ. ಕೋಚ್ ಆದವನು ಲೀಗ್ ಬಗ್ಗೆ ಯೋಚಿಸಬೇಕಿತ್ತು. ನಾನು ಯೋಚಿಸುತ್ತಿದ್ದದ್ದು ಒಂದು ಮೊಣಕಾಲಿನ ಬಗ್ಗೆ.

ಕಾರ್ನರ್ ಎಂದರೆ ತಡೆಯುವ ತಂಡದ ಒಬ್ಬರು ಗೋಲಿನಿಂದ ಹೊರಟು, ಚೆಂಡು ಹೊಡೆಯುವವರ ಎದುರಿಗೇ ಓಡಬೇಕು. ಬೇಕೆಂದೇ ಏಟಿಗೆ ಎದೆಯೊಡ್ಡುವ ಕೆಲಸ. ನಮ್ಮಲ್ಲಿ ಅದನ್ನು ಮಾಡುವವಳು ತೊಡೆ ಹಿಡಿದುಕೊಂಡು ಬೆಂಚಿನಲ್ಲಿ ಕೂತಿದ್ದಳು. ಅಷ್ಟು ವೇಗವಾಗಿ ಓಡಬಲ್ಲ ಇನ್ನೊಬ್ಬಳು ನನ್ನ ಅಕ್ಕನ ಮಗಳು. ಅಕ್ಕ ಮೂರನೇ ಸಾಲಿನಲ್ಲಿ ಕೂತು ಕೈಚೀಲದ ಹಿಡಿ ತಿರುಚುತ್ತಿದ್ದಳು.

ಆ ಓಟ ನನ್ನದೂ ಆಗಿತ್ತು. ಮಕ್ಕಳ ಲೀಗ್‌ನಲ್ಲಿ ಯಾರಿಗೂ ಬೇಡದ ಕೆಲಸವೆಂದು ಎಲ್ಲರಿಗಿಂತ ಕುಳ್ಳನಾದ ನನ್ನ ತಲೆಗೆ ಕಟ್ಟಿದ್ದರು. ಆಮೇಲೆ ಯುವಕರ ತಂಡ, ಆಮೇಲೆ ಸಂಬಳ ಕೊಡುವ ಕ್ಲಬ್ಬು. ಒಂಬತ್ತು ವರ್ಷ ಅದೇ ಓಟ ನನಗೆ ಅನ್ನ ಹಾಕಿತು. ಕೊನೆಯ ಪಂದ್ಯದಲ್ಲಿ ಚೆಂಡು ಬಡಿದು ಮೊಣಕಾಲು ಮುರಿಯಿತು. ನಾನು ನೆಲಕ್ಕೆ ಬಿದ್ದ ಫೋಟೊ ಕ್ಲಬ್ಬಿನ ಬಾಗಿಲಲ್ಲೇ ಇದೆ, ಕೆಳಗೆ ‘ಹೆದರದವನು’ ಎಂದು ಬರೆದಿದೆ. ಕೋಚ್ ಕೆಲಸ ಸಿಕ್ಕಿದ್ದೂ ಅದರ ಪುಣ್ಯದಿಂದ. ಯಾರಾದರೂ ನನ್ನ ಧೈರ್ಯ ಹೊಗಳಿದರೆ ಮಾತ್ರ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹುಡುಗಿ ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಳ್ಳಲು ಬೆಂಚಿನ ಬಳಿ ಬಂದಳು. ಪಟ್ಟಿಯನ್ನು ಎರಡು ಸಲ ತಪ್ಪು ಕೊಂಡಿಗೆ ಸಿಕ್ಕಿಸಿದಳು. ನಾನೇ ಬಗ್ಗಿ ಕಟ್ಟತೊಡಗಿದೆ. ಮೈದಾನದಲ್ಲಿ ಸರ್ ಎನ್ನಬೇಕೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಈಗ ಅವಳಿಗೆ ಅದು ಮರೆತೇಹೋಗಿತ್ತು.

“ಮಾಮ, ನಿಂಗೆ ಒಂದ್ಸಲನೂ ಹೆದರಿಕೆ ಆಗ್ಲಿಲ್ವಾ?”

ಇದಕ್ಕೆ ನನ್ನ ಬಳಿ ವರ್ಷಗಳಿಂದ ಹೇಳಿ ಹೇಳಿ ನುಣುಪಾದ ಉತ್ತರವಿತ್ತು. ಬೆಂಚಿನವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಹುಡುಗಿಯ ಕಣ್ಣು ನೋಡಿದೆ. ಹುಮ್ಮಸ್ಸಿನ ಮಾತು ಹೇಳಿದರೆ ಇವಳು ಅರ್ಧ ದಾರಿ ಹೋಗಿ, ಕೊನೆಯ ಹೆಜ್ಜೆಯಲ್ಲಿ ನನ್ನಂತೆಯೇ ಮಾಡುತ್ತಾಳೆ ಎಂದು ಗೊತ್ತಾಯಿತು.

“ಆಗಿತ್ತು. ಹೆದರಿ ಪಕ್ಕಕ್ಕೆ ತಿರುಗಿದೆ,” ಎಂದೆ. “ಪ್ಯಾಡ್ ಇರೋದು ಮುಂದೆ, ಪಕ್ಕದಲ್ಲಿ ಏನೂ ಇರಲ್ಲ. ತಿರುಗಿದ್ದಕ್ಕೇ ಮುರೀತು. ಆ ಫೋಟೊ ಸುಳ್ಳು ಕಣೇ. ಹೆದರ್ಕೊಂಡೇ ಓಡು, ಪರವಾಗಿಲ್ಲ. ಆದ್ರೆ ನೇರ ಓಡು.”

ಬೆಂಚಿನಲ್ಲಿ ನೀರಿನ ಬಾಟಲಿ ಚಾಚಿದ್ದವಳ ಕೈ ಹಾಗೇ ನಿಂತಿತ್ತು. ಅಷ್ಟರಲ್ಲಿ ಅಂಪೈರ್ ಗೋಲಿನತ್ತ ಕೈ ತೋರಿಸಿದರು. ಕಾರ್ನರ್ ಸಿಕ್ಕಿತ್ತು. ಅವಳು ಮಾಸ್ಕ್ ಎಳೆದುಕೊಂಡು ಗೋಲಿನತ್ತ ಹೋದಳು.

ಚೆಂಡು ಗೆರೆಯಿಂದ ಹೊರಟಿತು, ಅವಳೂ ಹೊರಟಳು. ಎಂಟು ಹೆಜ್ಜೆಯ ದಾರಿ. ಆರನೆಯದರಲ್ಲಿ ಅವಳ ಭುಜ ಒಂದಿಷ್ಟು ಅಲುಗಿತು. ಭುಜ ಮತ್ತೆ ನೆಟ್ಟಗಾಯಿತು. ಚೆಂಡು ಬಡಿದ ಸದ್ದು ಬೆಂಚಿಗೂ ಕೇಳಿಸಿತು, ಅವಳು ಮುಗ್ಗರಿಸಿ ಬಿದ್ದಳು. ಮೊಣಕಾಲಿಗೇ ಬಿದ್ದದ್ದು ನಿಯಮದಂತೆ ಅಪಾಯದ ಹೊಡೆತವಾದ್ದರಿಂದ ಚೆಂಡು ನಮ್ಮದೆಂದು ಅಂಪೈರ್ ಸೀಟಿ ಊದಿದರು. ಅಲ್ಲಿಗೆ ಆಟ ಮುಗಿಯಿತು. ಉಳಿದವರು ಕುಣಿಯುತ್ತಿದ್ದರೆ ನಾನು ಅವಳು ಏಳುವುದನ್ನೇ ಕಾದೆ. ಅವಳು ತಾನೇ ಎದ್ದಳು, ಕುಂಟದೆ ನಡೆದಳು.

ಅಕ್ಕ ಮೆಟ್ಟಿಲಿಳಿದು ಬಂದು ಮಗಳನ್ನು ಕೂರಿಸಿ ಪ್ಯಾಡ್ ಬಿಚ್ಚಿದಳು. ಕಾಲು ಕೆಂಪಾಗಿತ್ತು, ಅಷ್ಟೇ. ಪ್ಯಾಡಿನ ನಟ್ಟನಡುವೆ ಚೆಂಡಿನ ಬಿಳಿ ಗುರುತಿತ್ತು. ನಾನು ಹೇಳಿದ್ದನ್ನೆಲ್ಲ ಹುಡುಗಿ ಒಂದೇ ಉಸಿರಿಗೆ ಅಮ್ಮನಿಗೆ ಒಪ್ಪಿಸಿದಳು. ನಾನು ತಲೆ ತಗ್ಗಿಸಿ ನಿಂತೆ.

“ಆರು ತಿಂಗಳು ನಿನ್ ಗಾಯಕ್ಕೆ ಬಟ್ಟೆ ಕಟ್ಟಿದ್ದು ನಾನು,” ಎಂದಳು ಅಕ್ಕ. “ಅದು ಪಕ್ಕದಲ್ಲಿತ್ತು ಅಂತ ನಂಗೆ ಗೊತ್ತಿಲ್ವೇನೋ? ಇವಳಿಗೆ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ.”

ಪ್ಯಾಡನ್ನು ನನ್ನ ಕೈಗಿಟ್ಟು, ಮಗಳ ಕಾಲಿಗೆ ಐಸ್ ತರಲು ಹೋದಳು.