ಮುಚ್ಚಿದ ಮೇಲೆ ಯಾರು ನೋಡ್ತಾರೆ

ಕಾಗದ ಮಡಿಸಿ ನೋಡದೆ ಮೀನಾ ಯಾವ ಕಾರ್ಡನ್ನೂ ಪ್ರೆಸ್ಸಿಗೆ ಕಳಿಸಿದವಳಲ್ಲ. ಕಂಪ್ಯೂಟರಿನ ಪರದೆ ಎಲ್ಲವನ್ನೂ ಬಿಡಿಸಿ ಹರಡಿ ತೋರಿಸುತ್ತದೆ. ಮಡಿಸಿದಾಗ ಯಾವುದು ಯಾವುದರ ಮೇಲೆ ಬೀಳುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮದುವೆ ಕಾರ್ಡಿನ ಹಿಂಬದಿ ತಲೆಕೆಳಗಾಗಿ ಅಚ್ಚಾಗಿ, ಹೆಣ್ಣಿನ ತಂದೆ ಅಂಗಡಿ ಮುಂದೆ ನಿಂತು ಹಿಡಿ ಮಣ್ಣು ತೂರುವುದೊಂದೇ ಬಾಕಿ ಇತ್ತು. ಅಂದಿನಿಂದ ಮೀನಾ ಮೊದಲು ಸಾದಾ ಹಾಳೆಯಲ್ಲಿ ಒಂದು ಡಮ್ಮಿ ತೆಗೆಯುತ್ತಾಳೆ, ಉಗುರಿನಿಂದ ಮಡಿಕೆ ಎಳೆಯುತ್ತಾಳೆ, ತೆರೆದು ಮುಚ್ಚಿ ನೋಡುತ್ತಾಳೆ. ಆಮೇಲೇ ಉಳಿದದ್ದು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಶಾಂತರಾಜುವಿನ ಡಿಟಿಪಿ ಅಂಗಡಿಗೆ ಯುಗಾದಿಗೆ ಹನ್ನೆರಡು ದಿನ ಇರುವಾಗ ಗುರುಪ್ರಕಾಶರ ಶುಭಾಶಯ ಪತ್ರದ ಕೆಲಸ ಬಂತು. ಗುರುಪ್ರಕಾಶರೆಂದರೆ ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ, ಬಿಳಿ ಕಾರು. ಈ ಸಲ ಜಿಲ್ಲಾ ಪಂಚಾಯ್ತಿಗೆ ನಿಲ್ಲುತ್ತಾರೆ ಅಂತ ಊರೆಲ್ಲ ಮಾತು. ಮೂರು ಸಾವಿರ ಕಾರ್ಡು, ದಪ್ಪ ಹಾಳೆ, ನಡುವೆ ಒಂದು ಮಡಿಕೆ, ಅಚ್ಚು ಮೈಸೂರಿನಲ್ಲಿ. ವಾಟ್ಸಾಪಿನಲ್ಲಿ ಬಂದ ಫೋಟೋಗಳು ಹಿಗ್ಗಿಸಿದರೆ ಅವಲಕ್ಕಿಯಂತೆ ಒಡೆಯುತ್ತಿದ್ದವು. ಮೀನಾ ಎರಡು ಸಲ ಫೋನು ಮಾಡಿ ಮೂಲ ಫೋಟೋಗಳನ್ನೇ ತರಿಸಿಕೊಂಡಳು.

ತರಿಸಿಕೊಂಡು ತೆರೆದರೆ, ಎರಡನೇ ಫೋಟೋದಲ್ಲಿ ಅವಳ ಅಜ್ಜಿ ಕುಳಿತಿದ್ದಳು.

ಚಿಕ್ಕನಿಂಗಮ್ಮ. ಹನೂರಿನಾಚೆಯ ಊರುಗಳಲ್ಲಿ ಅವಳು ಸೋಬಾನೆ ಹೇಳದೆ ಹಸೆಗೆ ಕೂತ ಹೆಣ್ಣಿಲ್ಲ, ಮಾದಪ್ಪನ ಹಾಡು ಹೇಳದೆ ಕಳೆದ ಸೋಮವಾರವಿಲ್ಲ. ಅಕ್ಷರ ಕಂಡವಳಲ್ಲ. ಒಂದೊಂದು ಸಾಲಿಗೆ ಒಂದೊಂದು ಬೆರಳು ಮಡಿಸುತ್ತ ಹಾಡುತ್ತಾಳೆ. ಮೂರು ಬೆರಳು ಮಡಿಸಿದರೆ ಒಂದು ಪದ ಮುಗಿಯಿತು. ಹೋದ ತಿಂಗಳು ಗುರುಪ್ರಕಾಶರು ಅವಳನ್ನು ಕರೆಸಿ ಶಾಲು ಹೊದಿಸಿದ್ದರು. ಫೋಟೋದಲ್ಲಿ ಅಜ್ಜಿ ವೇದಿಕೆಯ ನೆಲದ ಮೇಲೆ ಚಾಪೆಯಲ್ಲಿ ಕುಳಿತು, ಹರಸುವವಳಂತೆ ಬಲಗೈ ಎತ್ತಿದ್ದಳು. ಹಿಂದೆ ನಾಲ್ಕು ಕುರ್ಚಿ ಖಾಲಿ ಇದ್ದವು.

ಮೀನಾ ಯಾರಿಗೂ ಏನೂ ಹೇಳಲಿಲ್ಲ. ಅವಳು ಯಾರ ಮನೆಯವಳೆಂದು ಅಂಗಡಿಯಲ್ಲಿ ಯಾರೂ ಕೇಳಿದವರಲ್ಲ; ಹೇಳಿಕೊಳ್ಳುವ ಅಭ್ಯಾಸ ಅವಳಿಗೂ ಇರಲಿಲ್ಲ. ಗುರುಪ್ರಕಾಶರು ಹೇಳಿ ಕಳಿಸಿದ್ದ ಹಾಗೇ ಜೋಡಿಸಿದಳು. ಒಳಗಿನ ಎಡಪುಟದ ತುಂಬ ಅವರ ನಿಂತ ಚಿತ್ರ, ಶೂ ಸಮೇತ. ಅದರ ಕೆಳಗೆ ಅವರ ಹೆಸರು. ಬಲಪುಟದ ಮೇಲೆ ಶುಭಾಶಯ, ನಡುವೆ ಅಜ್ಜಿ ಅಂದು ವೇದಿಕೆಯಲ್ಲಿ ಹಾಡಿದ ಒಂದು ಪದ, ಅದರ ಅಡಿಯಲ್ಲಿ, ಚಿಕ್ಕದಾಗಿ, ಅಜ್ಜಿ. ಬದಿಗೆ ಕತ್ತರಿ ಬೀಳುವ ಜಾಗ ಬಿಟ್ಟಳು, ಮಡಿಕೆಯ ಗೆರೆ ಹಾಕಿದಳು, ಒಳಮೈ ಮಾತ್ರ ಒಂದು ಹಾಳೆಯಲ್ಲಿ ತೆಗೆದಳು. ಮಡಿಸಿದಳು. ಮಡಿಸಿದ್ದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.

ತೆಳು ಹಾಳೆ. ಬೆಳಕಿನಲ್ಲಿ ಎರಡೂ ಚಿತ್ರ ಒಟ್ಟಿಗೆ ಕಂಡವು. ಗುರುಪ್ರಕಾಶರ ಬಲಗಾಲಿನ ಶೂ ನೆಟ್ಟಗೆ ಅಜ್ಜಿಯ ಮುಖದ ಮೇಲೆ ಇಳಿದಿತ್ತು. ಹಿಮ್ಮಡಿ ಹಣೆಗೆ, ತುದಿ ಬಾಯಿಗೆ.

ಮೀನಾಳ ಕಿವಿಯ ಅಂಚು ಬಿಸಿಯಾಯಿತು. ಹಾಳೆ ಬಿಚ್ಚಿ ಇನ್ನೊಮ್ಮೆ ಮಡಿಸಿದಳು. ಮತ್ತೆ ಅದೇ.

"ಅಣ್ಣ, ಇಲ್ಲಿ ನೋಡಿ," ಅಂತ ಶಾಂತರಾಜುವಿಗೆ ತೋರಿಸಿದಳು.

ಶಾಂತರಾಜು ಕನ್ನಡಕ ಹಣೆಗೇರಿಸಿ ನೋಡಿದ. ಕೆಟ್ಟವನಲ್ಲ, ಹೆದರಿದವನು. "ಅಯ್ಯೋ, ಮುಚ್ಚಿದ್ ಮೇಲೆ ಯಾರವ್ವಾ ನೋಡ್ತಾರೆ? ಅವ್ರು ಏಳ್ದಂಗೆ ಮಾಡ್ ಕಳ್ಸು ತಾಯಿ. ಮಂಟಪದ್ ಕಾರ್ಡೆಲ್ಲ ಅವ್ರಿಂದ್ಲೇ ಬರೋದು."

ಮಧ್ಯಾಹ್ನ ಗುರುಪ್ರಕಾಶರೇ ಬಂದರು, ಹಿಂದೆ ಅವರ ಜೊತೆಗಾರ ಮಣಿಕಂಠ. ಪರದೆ ನೋಡಿ ತಮ್ಮ ಚಿತ್ರಕ್ಕೆ ತಲೆದೂಗಿದರು.

"ಮುಖ ಸ್ವಲ್ಪ ಬೆಳ್ಳಗ್ ಮಾಡಮ್ಮ."

"ಮಾಡ್ತೀನಿ ಸಾ. ಒಂದ್ ಮಾತು. ನಿಮ್ ಫೋಟೋನ ಸೊಂಟದವರ್ಗೆ ಇಟ್ರೆ ಚೆನ್ನಾಗಿರ್ತದೆ. ಇಲ್ದಿದ್ರೆ ಆ ಅಜ್ಜೀನ ಮೇಲಕ್ ತಕೋತೀನಿ."

"ಯಾಕೆ? ಶೂ ಕಾಣ್ಬೇಕು. ಸೂಟ್ ಹಾಕಿ ಬರೀ ಎದೆ ತೋರ್ಸಕ್ಕೆ ಇದೇನು ಆಧಾರ್ ಕಾರ್ಡಾ?" ಮಣಿಕಂಠ ನಕ್ಕ; ಗುರುಪ್ರಕಾಶರೂ ನಕ್ಕು ಮುಂದುವರಿಸಿದರು. "ಆ ಮುದ್ಕೀನ ಮೇಲ್ ಯಾಕ್ ತಗೀತೀಯ? ಕೆಳಗ್ ಕೂತ್ರೇ ಚೆಂದ. ಅವ್ರೆಲ್ಲ ಕೆಳಗ್ ಕೂತೇ ಹಾಡ್ದೋರು."

ಮೀನಾ ಡಮ್ಮಿಯನ್ನು ಮುಂದೆ ಹಿಡಿದು, ಬೆಳಕಿಗೆ ಎತ್ತಿ ತೋರಿಸಿದಳು.

ಗುರುಪ್ರಕಾಶರು ನೋಡಿದರು, ನೋಡಿ ಇನ್ನೂ ಜೋರಾಗಿ ನಕ್ಕರು. "ನಿನ್ನ ತಲೆನೇ ತಲೆ! ಪೇಪರ್‌ಗೆ ಏನಮ್ಮ ಗೊತ್ತು ಶೂ ಯಾವ್ದು ಮುಖ ಯಾವ್ದು ಅಂತ? ಮುಚ್ಚಿದ್ ಮೇಲೆ ಯಾರು ನೋಡ್ತಾರೆ?" ಬಾಗಿಲಲ್ಲಿ ನಿಂತು ತಿರುಗಿದರು. "ಹಾಂ, ಆ ಪದದ್ ಮೂರ್ನೇ ಸಾಲು ತೆಗ್ದುಬಿಡು. ಆ ಜಾಗಕ್ಕೆ 'ಇಂತಿ ನಿಮ್ಮ ಸೇವಕ' ಅಂತ ದಪ್ಪಗೆ ಹಾಕು. ನಾಳೆ ಬೆಳಿಗ್ಗೆ ಬಂದು ಸೈನ್ ಮಾಡ್ತೀನಿ."

ಅವರು ಹೋದ ಮೇಲೆ ಮೀನಾ ಮೂರನೇ ಸಾಲು ಅಳಿಸಿದಳು. ಸೇವಕನನ್ನು ಹಾಕಿದಳು. ತಿದ್ದಿದ ಡಮ್ಮಿ ಒಂದನ್ನು ತೆಗೆದಳು. ಆಮೇಲೆ, ಯಾರೂ ಹೇಳದೆಯೇ, ಇನ್ನೊಂದು ಜೋಡಣೆ ಮಾಡಿದಳು. ಅಜ್ಜಿಯ ಚಿತ್ರವನ್ನು ಹಿಗ್ಗಿಸಿ ಮೇಲಕ್ಕೆ ಸರಿಸಿದಳು. ಎತ್ತಿದ ಆ ಬಲಗೈಯನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಜರುಗಿಸುತ್ತ ಹೋದಳು. ಅದನ್ನೂ ಹಾಳೆಗೆ ತೆಗೆದು, ಮಡಿಸಿ ಬೆಳಕಿಗೆ ಹಿಡಿದಾಗ ಅಜ್ಜಿಯ ಐದೂ ಬೆರಳು ಗುರುಪ್ರಕಾಶರ ಕೆನ್ನೆಯ ಮೇಲೆ ಕೂತಿದ್ದವು. ಪಟಾರನೆ ಹೊಡೆದ ಹಾಗೆ. ಬಿಚ್ಚಿದರೆ ಮಾತ್ರ ಪರಮ ಭಕ್ತಿಯ ಚಿತ್ರ. ನಾಳೆ ಇದಕ್ಕೇ ಸೈನ್ ಮಾಡಲಿ, ಮುಚ್ಚಿದ ಮೇಲೆ ಯಾರು ನೋಡ್ತಾರೆ, ಅಂದುಕೊಂಡು ಎರಡೂ ಡಮ್ಮಿಗಳನ್ನು ಬ್ಯಾಗಿಗೆ ಹಾಕಿಕೊಂಡಳು.

ಊರಿಗೆ ಹೋಗುವ ಮಾದಪ್ಪನ ಬೆಟ್ಟದ ಬಸ್ಸು ಯಾತ್ರೆ ಹೊರಟ ಪರಸೆಯವರಿಂದ ಕಿಕ್ಕಿರಿದಿತ್ತು. ದಾರಿಯುದ್ದಕ್ಕೂ ನಡೆದು ಹೋಗುವವರು 'ಉಘೇ ಉಘೇ' ಅನ್ನುತ್ತಿದ್ದರು. ಮೀನಾಳ ಬಾಯಿಂದ ದೇವರ ಹೆಸರು ಅವತ್ತು ಹೊರಡಲಿಲ್ಲ.

ಅಜ್ಜಿ ಜಗಲಿಯ ಮೇಲೆ ಅವರೆಕಾಳು ಬಿಡಿಸುತ್ತಿದ್ದಳು. ಮೀನಾ ತಿದ್ದಿದ ಡಮ್ಮಿ ತೆರೆದು ತೋರಿಸಿ, ಮುಚ್ಚಿ, ಇಳಿ ಬಿಸಿಲಿಗೆ ಹಿಡಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾರ್ದವ್ವ ಕಾಲು?"

"ಗುರುಪ್ರಕಾಶಂದು."

"ಓ, ಶಾಲು ಒದ್ಸುದ್ನಲ್ಲ, ಅವುನ್ದಾ? ಮೆಟ್ಟು ಒಸ್ದು ಅನ್ನಿಸ್ತದೆ, ಒಳೀತಾ ಅದೆ," ಅಂದು ಅಜ್ಜಿ ಕಾಳು ಬಿಡಿಸತೊಡಗಿದಳು.

"ಅಜ್ಜಿ! ನಿಂಗ್ ಸಿಟ್ಟೇ ಬರಾಕಿಲ್ವಾ?"

"ಸಿಟ್ಟು ಇಟ್ಕಳಕ್ಕೆ ಮನೇಲಿ ಜಾಗ ಎಲ್ಲವ್ವ ಅದೆ? ಆವತ್ತು ಕುರ್ಚಿ ಮ್ಯಾಲೆ ಕುಂತ್ಕಳಾಕ್ ಓದೆ. 'ಅಜ್ಜಿ, ಕೆಳಗೆ ಆರಾಮ' ಅಂದ್ರು. ಕುಂತ್ಕಂಡೆ. ಮೂರ್ ಪದ ಏಳೋವೊತ್ಗೆ ಮೈಕ್ ಆಫ್ ಮಾಡುದ್ರು. ಎದ್ ಬಂದೆ. ನನ್ನ್ ಮೂತಿ ಏನು, ಒರಸ್ಕಂಡ್ರಾಯ್ತು. ಅದೇನೋ ಬರ್ದವ್ರಲ್ಲ, ಓದು."

ಮೀನಾ ಓದಿದಳು:

"ಹೊಸ ಚಿಗುರು ಬಂದಾವೆ ಹೊಂಗೆಯ ಕೊನೆಯಲ್ಲಿ
ಹಸನಾದ ಮನೆಯ ಹರಸಯ್ಯ ಮಾದೇವ"

ಅಜ್ಜಿ ಒಂದು ಬೆರಳು ಮಡಿಸಿದಳು, ಎರಡನೆಯದನ್ನೂ ಮಡಿಸಿದಳು. ಮೂರನೆಯ ಬೆರಳು ನೆಟ್ಟಗೆ ನಿಂತು ಕಾಯುತ್ತಿತ್ತು.

"ಮುಂದ್ಕೆ?"

"ಅಷ್ಟೇ ಅಜ್ಜಿ. ಮೂರ್ನೇದು ಬ್ಯಾಡ ಅಂದ್ರು. ಜಾಗ ಇಲ್ವಂತೆ, ಅಲ್ಲಿ 'ನಿಮ್ಮ ಸೇವಕ' ಅಂತ ಬರ್ಬೇಕಂತೆ."

ಅಜ್ಜಿ ಬಹಳ ಹೊತ್ತು ಆ ಬೆರಳನ್ನೇ ನೋಡಿದಳು. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. ಮೀನಾ ಹುಟ್ಟಿದಾಗಿನಿಂದ ಕಾಣದ ಒಂದು ಬಿಗಿತ ಆ ಮುಖಕ್ಕೆ ಬಂತು.

"ಹಸಿದು ಬಂದವರ ಮೊದಲುಣಿಸಿ," ಅಂತ ಮೂರನೇ ಸಾಲನ್ನು ತಾನೇ ಹೇಳಿದಳು, ಹಾಡದೆ, ಬರೀ ಮಾತಿನಲ್ಲಿ. "ಇದ್ಕೇ ಜಾಗ ಇಲ್ವಾ ಅವುನ್ ಅಟ್ಟೀಲಿ? ಚಿಗುರ್ ಬೇಕು, ಅರಕೆ ಬೇಕು, ಉಣ್ಸು ಅಂದ್ರೆ ಬ್ಯಾಡ್ವಾ? ಆ ಪದ ನಮ್ಮವ್ವ ಕೊಟ್ಟಿದ್ದು ಕಣೇ. ಅವ್ಳ್ಗೆ ಅವುಳವ್ವ ಕೊಟ್ಟಿದ್ದು. ಸೀಮೇಲಿ ಕೂಳು ಉಟ್ದೆ ಓದ ಬರಗಾಲ್ದಲ್ಲಿ ಕಟ್ಟಿದ್ದು. ಆ ಸಾಲ್ಗೋಸ್ಕರಾನೇ ಮೊದ್ಲೆರ್ಡು ಸಾಲು ಇರೋದು!"

ಮೀನಾ ತಡಮಾಡದೆ ಎರಡನೇ ಡಮ್ಮಿಯನ್ನು ತೆಗೆದು ಬಿಸಿಲಿಗೆ ಹಿಡಿದಳು. ಕೆನ್ನೆಯ ಮೇಲೆ ಕೂತ ತನ್ನದೇ ಕೈ ಕಂಡು ಅಜ್ಜಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ ನಿನ್ನ! ಭಲೇ ಏಟು ಕೊಡ್ಸಿದ್ದೀಯಲ್ಲ ನನ್ ಕೈಲಿ!" ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ ಆ ನಗು ಅಲ್ಲಿರಲಿಲ್ಲ.

"ಇದ್ ಬ್ಯಾಡ ಕಣವ್ವ. ಬಾಗ್ಲು ಮುಚ್ಕಂಡು ಒಡ್ಯೋ ಏಟು ಏಟಾ? ಅವ್ನೂ ಮುಚ್ಚಿಟ್ಟು ಮೆಟ್ಟಿದ, ನಾವೂ ಮುಚ್ಚಿಟ್ಟು ಒಡುದ್ರೆ ಅವುನ್ಗೂ ನಮ್ಗೂ ಏನ್ ಪರಕ್ಕು? ಏಳೋದಿದ್ರೆ ಬಿಚ್ಚಿ ಏಳ್ಬೇಕು. ನಾಳೆ ನಾನೂ ಬತ್ತೀನಿ."

ಮಾರನೆಯ ಬೆಳಿಗ್ಗೆ ಚಿಕ್ಕನಿಂಗಮ್ಮ ಅಂಗಡಿಗೆ ಬಂದು, ಗಿರಾಕಿಗಳಿಗೆಂದು ಇಟ್ಟಿದ್ದ ಕುರ್ಚಿಯನ್ನು ಎಳೆದು ಕುಳಿತಳು. ಶಾಂತರಾಜು ಅವಳನ್ನೂ ಪರದೆಯನ್ನೂ ನೋಡಿದ. "ಇವ್ರು..."

"ನಮ್ಮಜ್ಜಿ," ಅಂದಳು ಮೀನಾ.

ಶಾಂತರಾಜು ಬೆವರೊರೆಸಿಕೊಳ್ಳುವಷ್ಟರಲ್ಲಿ ಗುರುಪ್ರಕಾಶರ ಕಾರು ಬಂತು. ಒಳಗೆ ಬಂದವರು ಅಜ್ಜಿಯನ್ನು ಕಂಡು ಮುಖ ಅರಳಿಸಿದರು. "ಓಹೋ, ಅಜ್ಜಿ! ನಿಮ್ಮ ಫೋಟೋ ಮೂರ್ ಸಾವ್ರ ಮನೆಗೆ ಹೋಯ್ತಾ ಇದೆ, ಗೊತ್ತಾ?"

"ಗೊತ್ತಾಯ್ತು ಕಣಪ್ಪ. ನಿನ್ ಮೆಟ್ಟಿನ್ ಕೆಳ್ಗೆ ಓಯ್ತಾ ಇವ್ನಿ." ಅಜ್ಜಿ ಡಮ್ಮಿಯನ್ನು ಎಲ್ಲರೆದುರು ಬಿಚ್ಚಿದಳು, ಮುಚ್ಚಿದಳು, ಬೆಳಕಿಗೆ ಹಿಡಿದಳು. "ಮಾದಪ್ಪನ್ ಪಾದ ಆಗಿದ್ರೆ ತಲೆ ಮ್ಯಾಲೆ ಒತ್ಕತಿದ್ದೆ. ಇದು ಅಂಗ್ಡೀಲಿ ಕೊಂಡ್ ಮೆಟ್ಟು. ನನ್ನ ಇದ್ರಿಂದ ತಗುದ್ಬುಡು. ನನ್ ಪದಾನೂವೆ ತಗುದ್ಬುಡು."

ಗುರುಪ್ರಕಾಶರು ಶಾಂತರಾಜುವಿನತ್ತ ತಿರುಗಿದರು. "ಏನ್ರೀ ಇದು? ಯಾರ್ರೀ ಇವ್ರನ್ನ ಕರ್ಸಿದ್ದು?"

"ನಾನೇ ಸಾ," ಅಂದಳು ಮೀನಾ. ರಾತ್ರಿಯಿಡೀ ಅದುಮಿಟ್ಟದ್ದು ಒಂದೇ ಉಸಿರಿಗೆ ಹೊರಬಂತು. "ಅವ್ರು ನಮ್ಮಜ್ಜಿ."

"ಅಯ್ಯೋ! ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ? ನಿಮ್ಮಜ್ಜಿ ಅಂತ ಗೊತ್ತಿದ್ರೆ ಮೇಲೇ ಹಾಕ್ಸ್ತಿದ್ದೆ."

"ನಮ್ಮಜ್ಜಿ ಅಂತ ಗೊತ್ತಿದ್ರೆ!" ಮೀನಾ ಎದ್ದು ನಿಂತಳು. "ನಿನ್ನೆ ನಾನು ತೋರ್ಸ್ದಾಗ ಅದು ಮುಖ ಆಗಿರ್ಲಿಲ್ವಾ ಸಾ? ಯಾರ್ ಅಜ್ಜಿನೂ ಅಲ್ದೆ ಇದ್ರೆ ಮೆಟ್ಬೋದಿತ್ತಾ? ಪೇಪರ್‌ಗೆ ಗೊತ್ತಾಗಲ್ಲ ಅಂದ್ರಿ. ನಿಮ್ಗೂ ಗೊತ್ತಾಗ್ಲಿಲ್ವಾ?"

ಪಕ್ಕದ ಜೆರಾಕ್ಸ್ ಅಂಗಡಿಯವರು ಇಣುಕಿದರು. ಗುರುಪ್ರಕಾಶರ ಬೆಳ್ಳಗೆ ಮಾಡಿಸಬೇಕಿದ್ದ ಮುಖ ಕೆಂಪಾಯಿತು. "ಮಾತು ನೆಟ್ಟಗಿರ್ಲಿ ಹುಡ್ಗಿ. ಫೋಟೋ ನಂದು. ಎಲ್ ಬೇಕಾದ್ರೂ ಹಾಕಿಸ್ಕೋತೀನಿ. ಮೈಸೂರಲ್ಲಿ ಕಂಪ್ಯೂಟರ್ ಇಲ್ವಾ?"

"ಆಕ್ಸಪ್ಪ," ಅಂದಳು ಅಜ್ಜಿ, ದನಿ ಏರಿಸದೆ. "ಆಕ್ಸಿ ನಮ್ ಬೀದೀಗೂ ಕಳ್ಸು. ನಾನು ಮನೆಮನೆಗೂ ಓಯ್ತೀನಿ. ಸೋಬಾನೆ ಏಳಾಕ್ ಓಯ್ತೀನಲ್ಲ, ಆವಾಗ ಬಿಚ್ಚಿ ತೋರುಸ್ತೀನಿ, ಮುಚ್ಚಿ ತೋರುಸ್ತೀನಿ. ಆಮೇಕೆ ನೀನು ತಗ್ದಾಕಿದ್ ಮೂರ್ನೇ ಸಾಲ್ನೂ ಏಳ್ತೀನಿ. ನಮ್ ಸೀಮೇಲಿ ಲಗ್ನ ಬೋ ಅವೆ ಈ ವರ್ಸ."

ಹಿಂದೆಯೇ ಬಂದಿದ್ದ ಮಣಿಕಂಠ ಗುರುಪ್ರಕಾಶರ ಕಿವಿಯಲ್ಲಿ ಏನೋ ಹೇಳಿದ. ಹೇಳಿದ್ದು 'ಓಟು' ಅನ್ನುವುದು ಎಲ್ಲರಿಗೂ ಕೇಳಿಸಿತು.

ಗುರುಪ್ರಕಾಶರು ಇಣುಕುತ್ತಿದ್ದವರತ್ತ ಒಮ್ಮೆ ಕಣ್ಣು ಹಾಯಿಸಿದರು. "ತೆಗಿ. ಎರಡೂ ತೆಗಿ. ಬರೀ ಶುಭಾಶಯ ಇಡು," ಅಂದರು. ನಾಚಿಕೆಯ ಒಂದು ಎಳೆಯಾದರೂ ಆ ಮುಖದಲ್ಲಿ ಕಂಡೀತೇ ಅಂತ ಮೀನಾ ಹುಡುಕಿದಳು. ಕಂಡದ್ದು ಲೆಕ್ಕಾಚಾರ. ಅದಕ್ಕೇ ಅವಳ ಸಿಟ್ಟು ಇಳಿಯಲಿಲ್ಲ. ಅವರೆದುರೇ ಪದವನ್ನು ಅಳಿಸಿದಳು, ಅಜ್ಜಿಯನ್ನು ಅಳಿಸಿದಳು. ಬಲಪುಟದ ಕೆಳಗೆ ಅಂಗೈಯಗಲ ಬಿಳಿ ಉಳಿಯಿತು. ಹೊಸ ಡಮ್ಮಿಯ ಮೂಲೆಯಲ್ಲಿ ಗುರುಪ್ರಕಾಶರು ಕೊಕ್ಕೆಯಂಥ ಸೈನು ಎಳೆದರು. "ಮಂಟಪದ ಕಾರ್ಡೆಲ್ಲ ಇನ್ನು ಮೈಸೂರಲ್ಲೇ ಮಾಡಿಸ್ತೀನಿ ಶಾಂತರಾಜು," ಅಂದು ಹೊರಟರು.

ಶಾಂತರಾಜು ತಲೆಯ ಮೇಲೆ ಕೈ ಹೊತ್ತು ಕುಳಿತ. ಮೀನಾಳನ್ನು ನೋಡಿದ, ಬೈಯಲು ಬಾಯಿ ತೆರೆದ. ಎದುರು ಕುರ್ಚಿಯಲ್ಲಿ ಅಜ್ಜಿ ಇದ್ದಳು. ಎದ್ದು ಹೋಗಿ ಅವಳಿಗೊಂದು ಟೀ ಹೇಳಿ ಬಂದ.

ಅಜ್ಜಿ ತಾನು ಬಿಚ್ಚಿ ತೋರಿಸಿದ ಡಮ್ಮಿಯನ್ನು ಇನ್ನೂ ಹಿಡಿದೇ ಇದ್ದಳು. "ಕತ್ರಿ ಕೊಡವ್ವ," ಅಂದಳು. ಮಡಿಕೆಯ ಗೆರೆಯ ಮೇಲೇ, ಸೀರೆಯ ಅಂಚು ಕತ್ತರಿಸುವ ಹಾಗೆ ನಿಧಾನವಾಗಿ ಕತ್ತರಿಸಿದಳು. ನಿಂತ ಗುರುಪ್ರಕಾಶರ ಅರ್ಧವನ್ನು ಮೇಜಿನ ಮೇಲೆ ಬಿಟ್ಟಳು. ತನ್ನ ಅರ್ಧವನ್ನು ಮೀನಾಳ ಮುಂದೆ ಇಟ್ಟಳು.

"ಆ ಸೇವುಕುನ್ನ ಒಡ್ದಾಕು. ಮೂರ್ನೇದು ಬರಿ."

ಮೀನಾ ಸೇವಕನ ಮೇಲೆ ಗೆರೆ ಎಳೆದು, ಪೆನ್ನಿನಲ್ಲಿ ಕೆಳಗೆ ಬರೆದಳು. ಒತ್ತಿ ಬರೆದದ್ದಕ್ಕೆ ಹಾಳೆ ಒಂದು ಕಡೆ ಹರಿಯಿತು. ಅಕ್ಷರ ಬಾರದ ಚಿಕ್ಕನಿಂಗಮ್ಮ ಆ ಮೂರು ಸಾಲುಗಳ ಮೇಲೆ ಬೆರಳಾಡಿಸಿ, ಮೂರನೆಯ ಬೆರಳನ್ನೂ ಮಡಿಸಿ, ಹಾಳೆಯನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.