ಹುಣಸಿಗಿಡದ ಓಣಿಗೆ ನೀರು ಬಿಟ್ಟವನು

ಶಹಾಪುರದ ಹುಣಸಿಗಿಡದ ಓಣಿಗೆ ನೀರು ಬಿಡುವವನು ಬುದ್ಧಪ್ರಿಯ. ಹದಿನಾಲ್ಕು ವರ್ಷದಿಂದ ಗುತ್ತಿಗೆಯ ಮೇಲೆ ಅದೇ ಕೆಲಸ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗಿಟ್ಟುಕೊಂಡು ಅವನು ವಾಲ್ವಿನ ಗುಂಡಿಯ ಕಡೆ ಹೊರಟರೆ ಸಾಕು, ಮನೆಮನೆಯಿಂದ ಕೊಡಗಳ ಸದ್ದು ಶುರುವಾಗುತ್ತಿತ್ತು. ಅವನ ಮನೆಯೂ ಅದೇ ಓಣಿಯಲ್ಲಿತ್ತು. ಹಾಗಾಗಿ ನೀರು ತಡವಾದ ದಿನ ಬೈಗುಳ ನಗರಸಭೆಯ ಕಚೇರಿಗೆ ಹೋಗುತ್ತಿರಲಿಲ್ಲ, ನೇರ ಅವನ ಬಾಗಿಲಿಗೇ ಬರುತ್ತಿತ್ತು.

ಆ ಬೇಸಿಗೆಯಲ್ಲಿ, ಊರ ಟಾಕಿಗೆ ನೀರೆತ್ತುವ ಹೊಳೆದಂಡೆಯ ಎರಡು ಮೋಟಾರುಗಳ ಪೈಕಿ ಒಂದು ಸುಟ್ಟಿತು. ಹೊಳೆಯಲ್ಲಿ ನೀರಿಗೇನೂ ಕಡಿಮೆ ಇರಲಿಲ್ಲ. ಟಾಕಿಗೆ ಏರುವುದು ಮಾತ್ರ ಅರ್ಧವಾಯಿತು. ಸರಿಯಾಗಿ ಅದೇ ಹೊತ್ತಿಗೆ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುವ, ಬುದ್ಧ ಮಲಗಿದ ಬೆಟ್ಟವೆಂದೇ ಹೆಸರಾದ ಬೆಟ್ಟದ ಬುಡದಲ್ಲಿ ಪ್ರವಾಸಿಗರಿಗಾಗಿ ಕಟ್ಟುತ್ತಿದ್ದ ಉದ್ಯಾನ ಮುಗಿಯುತ್ತ ಬಂದಿತ್ತು. ದೋಣಿ ಬಿಡಲು ಒಂದು ಕೊಳ, ಕೊಳದ ನಡುವೆ ಹಾಡಿಗೆ ಕುಣಿಯುವ ಕಾರಂಜಿ, ನಿಂತು ಫೋಟೊ ತೆಗೆಸಿಕೊಳ್ಳಲು ಎತ್ತರದ ಕಟ್ಟೆ. ಬುದ್ಧ ಪೂರ್ಣಿಮೆಯ ಸಂಜೆ ಉದ್ಘಾಟನೆ, ಮಂತ್ರಿಗಳು ಬರುವವರಿದ್ದರು.

ಹುಣ್ಣಿಮೆಗೆ ಒಂಬತ್ತು ದಿನ ಇರುವಾಗ, ನಗರಸಭೆಯಲ್ಲಿ ನೀರಿನ ಕೆಲಸ ನೋಡಿಕೊಳ್ಳುವ, ಶ್ರೀಮಂತ ಎಂಬ ಹೆಸರಿನ ಸಾಹೇಬರು ಬುದ್ಧಪ್ರಿಯನನ್ನು ಟಾಕಿಯ ಹತ್ತಿರ ಕರೆಸಿದರು.

"ನಿಮ್ಮ ಓಣಿ ಲೈನ್ ಬಂದ್ ಮಾಡು. ಕೊಳ ತುಂಬೋತನ ಎಲ್ಲಾ ನೀರು ಬೆಟ್ಟದ ಪೈಪಿಗೆ ಹೋಗಲಿ."

"ಬರೇ ನಮ್ಮ ಓಣಿದಾ ಸಾಹೇಬ್ರ?"

"ಬೆಟ್ಟದ ಪೈಪು ಜೋಡಿಸಿದ್ದೇ ನಿಮ್ಮ ಲೈನಿಗಿ. ನಾ ಏನ್ ಮಾಡ್ಲಿ? ಎಂಟು ದಿನದ ಮಾತು. ಮಂದಿ ಕೇಳಿದ್ರ ಮೋಟಾರ್ ಸುಟ್ಟದ, ನಾಳಿ ಬರ್ತದ ಅನ್ನು. ಕೊಳದ ಸುದ್ದಿ ಎತ್ತಬ್ಯಾಡ. ಎತ್ತಿದಿ ಅಂದ್ರ ಹೆಣ್ಮಕ್ಕಳು ಕೊಡ ಹಿಡ್ಕೊಂಡು ರಸ್ತಾಕ ಕೂಡ್ತಾರ."

ಬುದ್ಧಪ್ರಿಯ ಎದುರು ಮಾತಾಡಲಿಲ್ಲ. ಗುತ್ತಿಗೆಯ ಕೆಲಸದ ಅಂಜಿಕೆ ಒಂದು ಕಡೆ. ಇನ್ನೊಂದು ಕಾರಣವೂ ಇತ್ತು; ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಉದ್ಯಾನ ಅವನಿಗೂ ಬೇಕಾಗಿತ್ತು. ಸಣ್ಣವನಿದ್ದಾಗ ಅಪ್ಪ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ದೂರದ ಬೆಟ್ಟ ತೋರಿಸಿ, ಅಗೋ ಹಣೆ, ಅಗೋ ಮೂಗು, ಅಗೋ ಎದೆ ಅನ್ನುತ್ತಿದ್ದ. ಮನೆತನ ಬೌದ್ಧ ಧರ್ಮಕ್ಕೆ ಬಂದ ಮೇಲೆ ಹುಟ್ಟಿದ ಮೊದಲ ಕೂಸೆಂದು ಆ ಹೆಸರಿಟ್ಟಿದ್ದೂ ಅಪ್ಪನೇ. ಉದ್ಯಾನ ಬೇಕೆಂದು ಊರವರು ಕೊಟ್ಟ ಅರ್ಜಿಗೆ ಬುದ್ಧಪ್ರಿಯ ಖುಷಿಯಿಂದ ಸಹಿ ಮಾಡಿದ್ದ. ಎಂಟು ದಿನ ತಾನೆ, ಹೇಗೋ ಆದೀತು ಎಂದುಕೊಂಡು ಗುಂಡಿಗಿಳಿದು ವಾಲ್ವು ತಿರುಗಿಸಿದ.

ಸರತಿಯ ದಿನ ನೀರು ಬರಲಿಲ್ಲ. ಮೊದಲು ಕೇಳಿದವಳು ಎದುರು ಮನೆಯ ರತ್ನಾಬಾಯಿ. ಬುದ್ಧಪ್ರಿಯನ ತಾಯಿ ತೀರಿಕೊಂಡಾಗ ಅವನಿಗೆ ಹತ್ತು ವರ್ಷ. ಅಂದಿನಿಂದ ಅವನ ಮದುವೆಯಾಗುವತನಕ ಅವಳ ಮನೆಯ ಹಂಚಿನಿಂದ ಅವನಿಗೆ ದಿನಕ್ಕೆರಡು ರೊಟ್ಟಿ ತಪ್ಪಿರಲಿಲ್ಲ.

"ಬುದ್ಧ್ಯಾ, ನೀರ ಯಾಕ ಬರಲಿಲ್ಲೋ?"

"ಮೋಟಾರ್ ಸುಟ್ಟದ ಯವ್ವಾ. ನಾಳಿ ಬರ್ತದ."

"ನಾಳಿ ಖರೇನಾ?"

"ಖರೇನ."

ಮರುದಿನ ಅವಳು ಕೇಳಿದಳು, ಅವನು ಮತ್ತೆ ನಾಳೆ ಅಂದ. ಅದರ ಮರುದಿನವೂ ಅಂದ. ನಾಳೆ ಬರುವ ನೀರಿಗಾಗಿ ದೂರ ಹೋಗುವವರು ಯಾರು? ಓಣಿಯ ಹಿಂದೆ ಒಂದು ಹಳೆಯ ಬಾವಿ ಇತ್ತು. ನಳ ಬಂದ ಮೇಲೆ ಅದರ ನೀರನ್ನು ಬಟ್ಟೆ ಒಗೆಯಲು, ದನ ತೊಳೆಯಲು ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ. ಪಕ್ಕದಲ್ಲೇ ಚರಂಡಿ ಹರಿಯುತ್ತಿತ್ತು. ಒಂದಿನದ ಮಟ್ಟಿಗೆ ಏನಾದೀತು ಎಂದು ಜನ ಹಗ್ಗ ಇಳಿಬಿಟ್ಟರು. ಬುದ್ಧಪ್ರಿಯ ಅದನ್ನು ಕಂಡ. ಹೆಂಡತಿ ದಾನೇಶ್ವರಿಗೆ ಮಾತ್ರ, "ಆ ನೀರ ಕಾಸದೆ ಕುಡಿಬ್ಯಾಡ್ರಿ" ಅಂದ. ಉಳಿದವರಿಗೆ ಅನ್ನಲಿಲ್ಲ. ಅಂದರೆ ಹತ್ತು ಪ್ರಶ್ನೆ ಏಳುತ್ತವೆಂದು ಸುಮ್ಮನಾದ.

ಆರನೆಯ ದಿನ ಬಾವಿಯ ಹತ್ತಿರದ ಮೂರು ಮನೆಗಳಲ್ಲಿ ವಾಂತಿಭೇದಿ ಶುರುವಾಯಿತು. ಏಳನೆಯ ದಿನದ ಹೊತ್ತಿಗೆ ಹದಿನೇಳು ಮಂದಿ ಹಾಸಿಗೆ ಹಿಡಿದರು. ಅದರಲ್ಲಿ ಅವನ ಮಗಳು ಪರಿಮಳಾ ಒಬ್ಬಳು. ಮನೆಯಲ್ಲಿ ಕಾಸಿದ ನೀರನ್ನೇ ಕುಡಿದಿದ್ದರೂ ಗೆಳತಿಯ ಮನೆಯಲ್ಲಿ ಕಾಸದ ಬಾವಿಯ ನೀರು ಕುಡಿದಿದ್ದಳು. ರತ್ನಾಬಾಯಿ ಇನ್ನೊಬ್ಬಳು. ದವಾಖಾನೆಯಲ್ಲಿ ಹಾಸಿಗೆ ಸಾಲದೆ ಮಗಳಿಗೆ ವರಾಂಡದಲ್ಲಿ ಚಾಪೆ ಹಾಸಿ ಸಲಾಯಿನ್ ಹಚ್ಚಿದರು. ಕಿಟಕಿಯ ಸರಳಿಗೆ ಬಾಟಲಿ ಕಟ್ಟಿದ್ದರು. ರತ್ನಾಬಾಯಿಯ ಕಣ್ಣು ಒಳಗೆ ಹೋಗಿದ್ದವು. ಅವನನ್ನು ಕಂಡು ಅವಳು ಕೇಳಿದ್ದು ಒಂದೇ ಮಾತು:

"ಮೋಟಾರ್ ರಿಪೇರಿ ಆಯ್ತೇನೋ?"

ಬುದ್ಧಪ್ರಿಯ ಇಲ್ಲವೆಂದು ತಲೆ ಅಲ್ಲಾಡಿಸಿ ಹೊರಗೆ ಬಂದವನೇ ಸೀದಾ ಬೆಟ್ಟದ ಬುಡಕ್ಕೆ ಹೋದ.

ಕೊಳ ಮುಕ್ಕಾಲು ತುಂಬಿತ್ತು. ತಳಕ್ಕೆ ಹಚ್ಚಿದ ನೀಲಿ ಬಣ್ಣದಿಂದ ನೀರು ಆಕಾಶಕ್ಕಿಂತ ನೀಲಿಯಾಗಿ ಕಾಣುತ್ತಿತ್ತು. ಹಂಸದ ಆಕಾರದ ಎರಡು ದೋಣಿಗಳನ್ನು ಒರೆಸುತ್ತಿದ್ದರು. ಶ್ರೀಮಂತ ಸಾಹೇಬರು ಬಿಸಿಲಿಗೆ ಕರವಸ್ತ್ರ ತಲೆಗೆ ಹಾಕಿಕೊಂಡು ಕಾರಂಜಿಯ ನಳಿಗೆಗಳನ್ನು ಎಣಿಸುತ್ತಿದ್ದರು.

"ಸಾಹೇಬ್ರ, ಹದಿನೇಳು ಮಂದಿ ಬಿದ್ದಾರ್ರಿ. ಒಂದು ತಾಸು ನೀರ ಬಿಡಾಕ ಕೊಡ್ರಿ. ಇಲ್ಲಾ ಒಂದೆರಡು ಟ್ಯಾಂಕರ್ ಕಳಸ್ರಿ."

"ಟ್ಯಾಂಕರ್ ಎಲ್ಲಿಂದ ತರ್ಲೋ? ಹುಣ್ಣಿಮಿ ನಾಡಿದ್ದು. ಕೊಳ ತುಂಬದಿದ್ರ ಮೊದಲ ಹೋಗೋದು ನನ್ನ ತಲಿ." ಆಮೇಲೆ ದನಿ ತಗ್ಗಿಸಿದರು. "ನೋಡು, ನನಗೇನು ಕರುಳು ಇಲ್ಲೇನು? ಖರೆ ವಿಚಾರ ಮಾಡು. ಹೊರಗಿನ ಮಂದಿ ಬಂದ್ರ ಲಾಡ್ಜ್ ಆಗ್ತಾವ, ಖಾನಾವಳಿ ಆಗ್ತಾವ, ನಿಮ್ಮ ಓಣಿ ಮಂದಿಗೇ ಕೆಲಸ ಸಿಗ್ತದ. ಊರಿಗಿ ಹೆಸರು ಬರ್ತದ. ಎರಡು ದಿನ ತಡಕೊಳ್ಳಾಕ ಆಗಲ್ಲೇನು?"

"ತಡಕೊಳ್ಳಾಕ ಮಂದಿ ಉಳಿಬೇಕಲ್ರಿ."

"ಹೋಗು, ಕೆಲಸ ನೋಡ್ಕೋ," ಅಂದರು ಸಾಹೇಬರು. ಅವರ ಕೈಲಿದ್ದ ಫೋನು ಆಗಲೇ ರಿಂಗಣಿಸುತ್ತಿತ್ತು.

ಮರುದಿನ ರತ್ನಾಬಾಯಿಯನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ಯಬೇಕೆಂದರು. ಅವಳ ಮಗ ಬಸವಂತರಾಯ, ಶಾಲೆಯೊಂದರಲ್ಲಿ ಗುಮಾಸ್ತ, ತಾಯಿಯನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಬುದ್ಧಪ್ರಿಯನ ಕೈ ಹಿಡಿದು, "ಮನಿ ಕಡಿ ಜರಾ ನೋಡ್ಕೋ ಅಣ್ಣಾ" ಅಂದ. ಆ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆಂದು ಬುದ್ಧಪ್ರಿಯನಿಗೆ ತಿಳಿಯಲಿಲ್ಲ.

ಹುಣ್ಣಿಮೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಚಾವಿ ಎತ್ತಿಕೊಂಡ. ದಾನೇಶ್ವರಿ ಬಾಗಿಲಲ್ಲಿ ಅಡ್ಡ ನಿಂತಳು.

"ಎಲ್ಲಿಗಿ?"

"ನೀರ ಬಿಡಾಕ."

"ಸಾಹೇಬ್ರು ಹೇಳ್ಯಾರೇನು?"

"ಇಲ್ಲ."

ದವಾಖಾನೆಯ ವರಾಂಡದಲ್ಲಿ ಮೂರು ದಿನ ಕೂತು ದಾನೇಶ್ವರಿಯ ಕಾಲು ಬಾತಿದ್ದವು. ಸರಿದು ದಾರಿ ಬಿಟ್ಟಳು.

ಅವನು ಬೆಟ್ಟದ ಪೈಪಿನ ವಾಲ್ವು ಬಿಗಿದು ಓಣಿಯದನ್ನು ಬಿಚ್ಚಿದ. ಒಂಬತ್ತು ದಿನ ಬರಿದಾಗಿದ್ದ ಪೈಪಿನಲ್ಲಿ ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ನಳಗಳು ಕೆಮ್ಮಿದವು. "ನೀರ ಬಂತು, ನೀರ ಬಂತು" ಎಂಬ ಕೂಗು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಗುಂಡಿಯಿಂದ ಮೇಲೆ ಬಂದ ಬುದ್ಧಪ್ರಿಯ ಹತ್ತಿರದ ನಳವನ್ನು ನೋಡಿ ಅಲ್ಲೇ ನಿಂತ. ನೀರು ಚಹಾದ ಬಣ್ಣದ್ದಿತ್ತು. ಚರಂಡಿಯ ವಾಸನೆ ಹೊಡೆಯುತ್ತಿತ್ತು.

ಹದಿನಾಲ್ಕು ವರ್ಷದ ಕೆಲಸಗಾರನಿಗೆ ಇದು ಹೊಳೆಯಬೇಕಿತ್ತು. ಪೈಪು ಬರಿದಾಗಿ ಬಿದ್ದರೆ ಒಡಕುಗಳಲ್ಲಿ ಹೊರಗಿನ ಹೊಲಸನ್ನು ಎಳೆದುಕೊಳ್ಳುತ್ತದೆ. ಮೊದಲ ಅರ್ಧ ತಾಸಿನ ನೀರನ್ನು ಚೆಲ್ಲಬೇಕು. ಸಿಟ್ಟಿನಲ್ಲಿ, ಅವಸರದಲ್ಲಿ ಅದು ಅವನ ತಲೆಗೇ ಬಂದಿರಲಿಲ್ಲ. ಚಾವಿ ಅಲ್ಲೇ ಬಿಸಾಕಿ ಓಡಿದ.

"ಕುಡಿಬ್ಯಾಡ್ರೀ! ಮೊದಲಿನ ನೀರ ಕುಡಿಬ್ಯಾಡ್ರಿ! ಚೆಲ್ರಿ!"

ಒಂಬತ್ತು ದಿನ ಬಾಯಾರಿದ ಮಂದಿಗೆ ಚೆಲ್ಲು ಅನ್ನುವ ಮಾತು ಕಿವಿಗೆ ಹೋಗುವುದೇ? ಕೆಲವರು ಕೊಡಕ್ಕೆ ಬಟ್ಟೆ ಕಟ್ಟಿ ಸೋಸುತ್ತಿದ್ದರು. ಒಬ್ಬಳು ಕೊಡವನ್ನು ಎರಡೂ ಕೈಯಿಂದ ಅಪ್ಪಿಕೊಂಡು ಒಳಗೆ ಓಡಿದಳು; ಇವನೂ ಹಿಂದೆಯೇ ಓಡಿ ಅದನ್ನು ಅಂಗಳಕ್ಕೆ ಸುರುವಿದ. ಮೂಲೆಯ ಮನೆಯಲ್ಲಿ ಫರ್ಹತ ತನ್ನ ಮಗಳು ನುಜ್ಹತಳ ಬಾಯಿಗೆ ಲೋಟ ಹಿಡಿದಿದ್ದಳು. ನುಜ್ಹತ ಹನ್ನೆರಡು ದಿನದ ಬಾಣಂತಿ. ಬುದ್ಧಪ್ರಿಯ ಹೋದವನೇ ಲೋಟಕ್ಕೆ ಹೊಡೆದ. ಅದು ಗೋಡೆಗೆ ಬಡಿದು ಉರುಳಿತು. ಕೂಸು ಬೆಚ್ಚಿ ಅತ್ತಿತು.

"ಹುಚ್ಚ ಹಿಡದದೇನೋ ನಿನಗ?" ಫರ್ಹತ ಚೀರಿದಳು. "ನೀನೇ ಬಿಟ್ಟಿ, ನೀನೇ ಕುಡಿಬ್ಯಾಡ ಅಂತಿ!"

"ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ. ಅರ್ಧ ತಾಸು ತಡಿ. ಅದರಾಗ ಗಟಾರದ್ದು ಬಂದದ."

ಅವನು ಖರೇನೇ ಕಾಲಿಗೆ ಬಿದ್ದಿದ್ದ. ಅದನ್ನು ಕಂಡು ಫರ್ಹತ ಬೈಯುವುದನ್ನು ನಿಲ್ಲಿಸಿದಳು. ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು ಅವನಿಗಿಂತ ದೊಡ್ಡ ದನಿಯಲ್ಲಿ ಓಣಿಯ ಆ ಬದಿಗೆ ಕೂಗುತ್ತ ಹೋದಳು. ಅರ್ಧ ತಾಸಿನ ಮೇಲೆ ನೀರು ತಿಳಿಯಾಯಿತು. ಇನ್ನೊಂದು ತಾಸು ಹರಿಯಿತು. ಆಗ ಶ್ರೀಮಂತ ಸಾಹೇಬರ ಜೀಪು ಬಂತು. ಜೊತೆಗೆ ಉದ್ಯಾನದ ಗುತ್ತಿಗೆದಾರನ ಕಡೆಯ ನಾಲ್ವರು. ಓಣಿಯ ಲೈನು ಮುಚ್ಚಿ, ಗುಂಡಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದರು. ಹೆಂಗಸರು ಜೀಪಿಗೆ ಅಡ್ಡ ನಿಂತರು. ಅವರನ್ನು ಹಿಂದೆಯೇ ಬಂದ ಪೊಲೀಸರು ಸರಿಸಿದರು. "ನಾಳಿಂದ ಬರಬ್ಯಾಡ" ಎಂದು ಬುದ್ಧಪ್ರಿಯನಿಗೆ ಹೇಳಿ ಚಾವಿ ಕಸಿದುಕೊಂಡರು.

ಕೊಳದಲ್ಲಿ ಇನ್ನೂ ಕಡಿಮೆ ಬಿದ್ದ ನೀರಿಗೆ ಮಧ್ಯಾಹ್ನ ಟ್ಯಾಂಕರುಗಳು ಬಂದವು. ಒಂದಲ್ಲ, ಆರು. ಎಲ್ಲಿಂದ ಬಂದವೋ, ಯಾರು ಕಳಿಸಿದರೋ. ಸಾಲಾಗಿ ಓಣಿಯ ಬಾಯಿಯ ಮುಂದಿನಿಂದ ನೀರು ತುಳುಕಿಸುತ್ತ ಬೆಟ್ಟದ ಕಡೆ ಹೋದವು. ಹೆಂಗಸರು ಕೊಡ ಎತ್ತಿ ಕೈ ಬೀಸಿದರು. ಒಂದೂ ನಿಲ್ಲಲಿಲ್ಲ. ಸಂಜೆ ಉದ್ಘಾಟನೆ ಸುಸೂತ್ರವಾಗಿ ನಡೆಯಿತು. ಕಾರಂಜಿ ಬಣ್ಣಬಣ್ಣವಾಗಿ ಕುಣಿಯುವುದನ್ನು ಓಣಿಯವರು ಫೋನಿನಲ್ಲಿ ನೋಡಿದರು. ಬುದ್ಧಪ್ರಿಯ ನೋಡಲಿಲ್ಲ. ಮಗಳಿಗೆ ಅಂದು ಸಲಾಯಿನ್ ತೆಗೆದಿದ್ದರು. ಅವಳ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

ಎರಡು ದಿನದ ಮೇಲೆ ಕಲಬುರಗಿಯಿಂದ ರತ್ನಾಬಾಯಿಯ ಹೆಣ ಬಂತು.

ಮಣ್ಣು ಮುಗಿದ ಮೂರನೆಯ ದಿನ ಬುದ್ಧಪ್ರಿಯ ಬಸವಂತರಾಯನ ಮನೆಗೆ ಹೋದ. ಒಳಗೆ ಬಾ ಅಂದರೂ ಹೋಗದೆ ಹೊಸ್ತಿಲಾಚೆ ನಿಂತು ಎಲ್ಲ ಹೇಳಿದ. ಮೋಟಾರು ಸುಟ್ಟದ್ದು ಅರ್ಧ ಸತ್ಯವೆಂದು, ಉಳಿದ ನೀರು ಕೊಳಕ್ಕೆ ಹೋಯಿತೆಂದು, ವಾಲ್ವು ಮುಚ್ಚಿದ್ದು ತಾನೇ ಎಂದು, ದಿನಾ ನಾಳೆ ಅಂದದ್ದೂ ಸುಳ್ಳೆಂದು ಗೊತ್ತಿದ್ದೇ ಎಂದು. ಬಸವಂತರಾಯ ಬೈಯಲಿಲ್ಲ, ಹೊಡೆಯಲಿಲ್ಲ. ಅಂದದ್ದು ಇಷ್ಟೇ:

"ಎಂಟು ದಿನ ನೀರಿಲ್ಲ ಅಂತ ಮೊದಲ ದಿನಾನೇ ಹೇಳಿದ್ರ, ನಾ ಸೈಕಲ್ ಮ್ಯಾಲೆ ಎಲ್ಲಿಂದಾದ್ರೂ ನಮ್ಮವ್ವಗ ನೀರ ತರ್ತಿದ್ನಲ್ಲೋ ಅಣ್ಣಾ."

ಬಾಗಿಲು ಮುಚ್ಚಿದ. ಬುದ್ಧಪ್ರಿಯ ಬಿಸಿಲು ಏರಿ ತಲೆ ಸುಡುವತನಕ ಆ ಬಾಗಿಲ ಮುಂದೆಯೇ ನಿಂತಿದ್ದ. ಕೊನೆಗೆ ದಾನೇಶ್ವರಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು.

ನಾಲ್ಕು ದಿನ ಬಸವಂತರಾಯ ಅವನ ಕಡೆ ತಿರುಗಿಯೂ ನೋಡಲಿಲ್ಲ. ಐದನೆಯ ದಿನ ಬಿಳಿ ಹಾಳೆ ಹಿಡಿದುಕೊಂಡು ಬಂದ.

"ನನಗ ಹೇಳಿದ್ದನ್ನ ಬರದು ಸಹಿ ಮಾಡ್ತಿಯೇನು?"

"ಮಾಡ್ತೀನಿ."

"ನಿನ್ನ ಮ್ಯಾಲೂ ಕೇಸ್ ಆಗ್ತದ."

"ಆಗಲಿ."

ಇಬ್ಬರೂ ಯಾದಗಿರಿಗೆ ಹೋದರು. ಕರೆಯದಿದ್ದರೂ ಫರ್ಹತ ಜೊತೆಗೆ ಬಂದಳು. ಜಿಲ್ಲೆಯ ದೊಡ್ಡ ಕಚೇರಿಯಲ್ಲಿ ಜಿಲ್ಲಾಧಿಕಾರಿ ಸಾಹೇಬರು ಸಭೆಯಲ್ಲಿದ್ದರು. ಪ್ರವಾಸಿ ತಾಣಗಳ ಸಭೆಯಂತೆ. ಅರ್ಜಿಯನ್ನು ಪೆಟ್ಟಿಗೆಗೆ ಹಾಕಿ ಹೋಗಿ ಎಂದ ಬಾಗಿಲ ಜವಾನ. ಫರ್ಹತ ಅಲ್ಲೇ ನೆಲಕ್ಕೆ ಕೂತಳು. "ನಮ್ಮ ಓಣ್ಯಾಗ ಹೆಣ ಬಿದ್ದದ. ಡಬ್ಬಿಗಿ ಹಾಕಿ ಹೋಗಾಕ ಬಂದಿಲ್ಲ," ಅಂದಳು. ಐದು ಗಂಟೆಯ ಹೊತ್ತಿಗೆ ಒಬ್ಬ ಗುಮಾಸ್ತ ಬಂದು ಹಾಳೆ ಇಸಿದುಕೊಂಡು, ಇನ್ನೊಂದು ಪ್ರತಿಗೆ ಮುದ್ರೆ ಒತ್ತಿ ಕೊಟ್ಟ. ಸೋಮವಾರ ಬನ್ನಿ, ವಿಚಾರಣೆಗೆ ತಾರೀಖು ಸಿಗಬಹುದು ಅಂದ. ಸಿಗದೆಯೂ ಇರಬಹುದು ಎಂಬುದು ಅವನ ಮುಖದಲ್ಲಿತ್ತು.

ಮರಳುವ ಬಸ್ಸಿನಲ್ಲಿ ಹಿಂದಿನ ಸೀಟಿನ ಒಬ್ಬ ಗೃಹಸ್ಥ, ಹೆಂಡತಿ ಮಕ್ಕಳೊಂದಿಗೆ ಹೊರಟಿದ್ದವನು, ಬುದ್ಧಪ್ರಿಯನ ಭುಜ ತಟ್ಟಿದ.

"ಅಣ್ಣಾರ, ಬುದ್ಧ ಮಲಗಿದ ಬೆಟ್ಟ ನೋಡಾಕ ಎಲ್ಲಿ ಇಳಿಬೇಕ್ರಿ?"

ಬುದ್ಧಪ್ರಿಯ ತಿರುಗಿದ. ಕಿಟಕಿಗೆ ಮೂಗು ಒತ್ತಿ ಕೂತ ಸಣ್ಣ ಹುಡುಗಿಯನ್ನು ನೋಡಿ, ಇಳಿಯುವ ಜಾಗ, ಅಲ್ಲಿಂದ ಆಟೊ ಹಿಡಿಯುವ ತಿರುವು ಎಲ್ಲವನ್ನೂ ತಿಳಿಸಿದ. ಬೆಟ್ಟ ಸರಿಯಾಗಿ ಕಾಣುವುದು ಬೆಳಿಗ್ಗೆಯೇ ಎಂದೂ ಹೇಳಿದ.

ಬಸವಂತರಾಯ ಪಕ್ಕದಲ್ಲೇ ಕೂತಿದ್ದ. ದಾರಿಯುದ್ದಕ್ಕೂ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಮುದ್ರೆಯ ಹಾಳೆಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಮುಂದೆ ನೋಡುತ್ತಲೇ ಕೇಳಿದ:

"ಸೋಮವಾರ ಎಷ್ಟರ ಬಸ್ಸಿಗಿ?"

"ಏಳರದಕ್ಕ," ಅಂದ ಬುದ್ಧಪ್ರಿಯ.