ಪಕ್ಕವಾದ್ಯ

"ಪಿಟೀಲು ಬಾರಿಸ್ತಿದ್ದಾನೆ," ಎಂದ ಬಸ್ ಡ್ರೈವರ, ತನ್ನ ತುಟಿ ಹೆಂಡತಿಗೆ ಕಾಣುವ ಹಾಗೆ ಮುಖ ತಿರುಗಿಸಿ.

"ಪಿಟೀಲಿನ ಕಛೇರಿ ಅಂದ್ಮೇಲೆ ಪಿಟೀಲಲ್ದೆ ಇನ್ನೇನು ಬಾರಿಸ್ತಾನೆ? ಹೇಗೆ ಬಾರಿಸ್ತಿದ್ದಾನೆ ಹೇಳಿ."

ಅವನು ರೇಡಿಯೋಗೆ ಇನ್ನಷ್ಟು ಹತ್ತಿರ ಬಗ್ಗಿದ. "ಚೆನ್ನಾಗಿ."

ಆಕೆ ನಿಟ್ಟುಸಿರು ಬಿಟ್ಟು ಕಿಟಕಿಯ ಕಡೆ ತಿರುಗಿದಳು. ತಿರುಗಿದಳೆಂದರೆ ಮಾತು ಮುಗಿಯಿತು, ಬೆನ್ನಿಗೆ ಏನು ಹೇಳಿದರೂ ಗೋಡೆಗೆ ಹೇಳಿದಂತೆಯೇ. ಮೂರು ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ತುಟಿ ನೋಡಿ ಮಾತು ತಿಳಿಯುವುದನ್ನು ಆಕೆ ಬೇಗ ಕಲಿತಳು. "ಮೂವತ್ತು ವರ್ಷ ಇದೇ ತುಟಿ ಮುಂದೆ ನಿಂತು ಬೈಸ್ಕೊಂಡಿದ್ದೀನಲ್ಲ," ಎನ್ನುತ್ತಿದ್ದಳು. ಆದರೆ ಭಾನುವಾರ ಸಂಜೆ ಸಂಗೀತದ ಹೊತ್ತಾದರೆ ಮಂಕು ಕವಿಯುತ್ತಿತ್ತು. ಕೊನೆಗೆ ರೇಡಿಯೋವನ್ನು ತಂಗಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. ತಂಗಿ ಇವತ್ತು ಆರು ಗಂಟೆಗೆ ಬರುವವಳು. ಅದಕ್ಕೆ ಮೊದಲು ಒಂದೇ ಒಂದು ಸಲ ನೀವು ಕೇಳಿ ನನಗೆ ಹೇಳಿ ಎಂದಿದ್ದಳು.

ರೇಡಿಯೋ ಹೋಗುವುದು ಅವನಿಗೆ ಬೇಡವಾಗಿತ್ತು. ಅದೂ ಹೋದರೆ ಇವಳು ಇನ್ನು ಕಿಟಕಿ ಬಿಟ್ಟು ಈಚೆ ತಿರುಗುವುದೇ ಇಲ್ಲವೇನೋ ಎಂಬ ಭಯ. ಹೇಳಲು ಬಾಯಿ ಬರಲಿಲ್ಲ. ಇಷ್ಟು ವರ್ಷ ಡ್ಯೂಟಿ ಮುಗಿಸಿ ಬಂದವನೇ "ಅದೇನು ರಾಗ ಎಳೀತಾನೆ, ನಿಲ್ಸೇ" ಎಂದು ಗುಂಡಿ ತಿರುಗಿಸುತ್ತಿದ್ದವನು ತಾನೇ ಅಲ್ಲವೇ. ಕಿವಿ ಇದ್ದೂ ಕಿವುಡ ಎಂದು ಆಕೆ ಬೈಯುತ್ತಿದ್ದಳು. ಈಗ ಬೈಯುವುದೂ ಇಲ್ಲ.

ಮತ್ತೆ ಕೇಳಿದ. ತಲೆಬುಡ ತಿಳಿಯಲಿಲ್ಲ. ಪಿಟೀಲು ಎಲ್ಲಿಗೋ ಹೊರಟಿತು, ಏನೋ ಮರೆತವರಂತೆ ಅರ್ಧದಿಂದ ವಾಪಸು ಬಂತು, ನಿಂತಿತು. ಸದ್ಯ ಎಂದುಕೊಂಡು ಹೆಂಡತಿಯ ಭುಜ ಮುಟ್ಟಿ "ಮುಗೀತು" ಎಂದ. ಅಷ್ಟರಲ್ಲಿ ಮತ್ತೆ ಶುರು.

"ಅಲ್ಲಲ್ಲ, ಮುಗೀಲಿಲ್ಲ. ಸುಮ್ನೆ ಸ್ಟಾಪಲ್ಲಿ ನಿಂತಿತ್ತು. ಯಾರೂ ಇಳೀಲಿಲ್ಲ, ಹತ್ತಲೂ ಇಲ್ಲ. ಈಗ ಹೊರಟ."

ಆಕೆ ಪೂರ್ತಿ ಈಚೆ ತಿರುಗಿದಳು. "ಆಮೇಲೆ?"

"ಏರು. ಸೆಕೆಂಡ್ ಗೇರಲ್ಲೇ ಎಳೀತಿದ್ದಾನೆ, ಗಾಡಿ ತುಂಬಿದೆ. ತಿರುವು ಬಂತು... ಅಯ್ಯೋ, ಬ್ರೇಕೇ ಹಾಕ್ಲಿಲ್ಲವಲ್ಲೇ ಪುಣ್ಯಾತ್ಮ!"

ಆಕೆ ನಕ್ಕುಬಿಟ್ಟಳು. ಮೂರು ತಿಂಗಳಲ್ಲಿ ಮೊದಲನೆಯ ನಗು. ತಾನು ಹೇಳುತ್ತಿರುವುದು ಸಂಗೀತವೋ ಬಸ್ಸೋ ಅವನಿಗೇ ಗೊತ್ತಾಗಲಿಲ್ಲ.

"ಪಕ್ಕವಾದ್ಯ ಹೇಗಿದೆ?"

"ಪಕ್ಕದವರು ಯಾಕೆ ಬಾರಿಸ್ತಾರೆ?"

"ನಿಮ್ಮ ತಲೆ. ಜೊತೇಲಿ ಒಬ್ಬ ತಾಳಕ್ಕೆ ಬಡೀತಿರ್ತಾನಲ್ಲ, ಅವನು."

"ಇದ್ದಾನೆ. ಅದನ್ನ ಹೇಗೆ ಹೇಳ್ಲಿ?"

ಆಕೆ ಅಂಗೈ ಚಾಚಿದಳು.

ಅವನು ಎರಡು ಬೆರಳಿನಿಂದ ಅದರ ಮೇಲೆ ಬಡಿಯತೊಡಗಿದ. ಎಲ್ಲಿ ಜೋರು, ಎಲ್ಲಿ ಮೆತ್ತಗೆ, ಒಂದೂ ಹಿಡಿತಕ್ಕೆ ಸಿಗಲಿಲ್ಲ. "ಓಡ್ಬೇಡಿ, ಅವನು ಹಾಗೆ ಓಡಲ್ಲ," ಎಂದು ಆಕೆ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಮೇಲೆ ಮಾತಿಗೆ ದಾರಿಯಿಲ್ಲ, ಉಳಿದದ್ದು ಬೆರಳು ಮಾತ್ರ. ಅವನು ಬೆವೆತ.

ಪಿಟೀಲು ಓಡಿತು, ನಿಂತಿತು. ಈ ಸಲ ಮೋಸ ಹೋಗಬಾರದೆಂದು ಅವನು ಬಡಿಯುತ್ತಲೇ ಕಾದ.

"ನಾಳೆಯ ಹವಾಮಾನ," ಎಂದಿತು ರೇಡಿಯೋ.

ಆಕೆಯ ತಲೆ ಸಣ್ಣಗೆ ತೂಗುತ್ತಲೇ ಇತ್ತು. ನಿಲ್ಲಿಸಬೇಕೋ ಬೇಡವೋ ಅವನಿಗೆ ತೋಚಲಿಲ್ಲ. ನಿಲ್ಲಿಸದಿದ್ದರೆ ಸುಳ್ಳು ಹೇಳಿದಂತೆ. ನಿಲ್ಲಿಸುವುದಕ್ಕೋ ಧೈರ್ಯ ಬರಲಿಲ್ಲ.

ಬಾಗಿಲು ತಳ್ಳಿಕೊಂಡು ತಂಗಿ ಬಂದಳು, ಕೈಯಲ್ಲಿ ದೊಡ್ಡದೊಂದು ಖಾಲಿ ಬಟ್ಟೆಚೀಲ. ನೆಲ ಅದುರಿದ್ದಕ್ಕೆ ಅಕ್ಕ ಕಣ್ಣು ತೆರೆದಳು. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ಕೂತ್ಕೋ," ಎಂದಳು. "ಇನ್ನೂ ಮುಗಿದಿಲ್ಲ."

ತಂಗಿ ರೇಡಿಯೋ ಕಡೆ ನೋಡಿದಳು. ಅದು ಕನಿಷ್ಠ ಉಷ್ಣಾಂಶ ಎಷ್ಟೆಂದು ಹೇಳುತ್ತಿತ್ತು. ಭಾವನ ಕಡೆ ನೋಡಿದಳು. ಅವನು ತಲೆ ಎತ್ತದೆ ಬಡಿಯುತ್ತಲೇ ಇದ್ದ. ಅವಳು ಚೀಲವನ್ನು ಮಡಚಿ, ಇನ್ನೊಮ್ಮೆ ಮಡಚಿ, ತೊಡೆಯ ಮೇಲಿಟ್ಟುಕೊಂಡು ಕೂತಳು.